ಮಗ ರೇಗ್ತಾನೆ, ಮಗಳು ಅಳ್ತಾಳೆ: ಹದಿಹರೆಯದ ಭಾವನೆಗಳಿಗೆ ಮನೆಯಲ್ಲಿ ಜಾಗ ಮಾಡಿಕೊಡುವುದು ಹೇಗೆ

ಹೈಸ್ಕೂಲಿನ ಪೋಷಕರ ಸಭೆಯಲ್ಲಿ ಎರಡು ದೂರು ತಪ್ಪದೆ ಕೇಳಿಬರುತ್ತವೆ. ಗಂಡುಮಕ್ಕಳ ತಾಯಂದಿರು ಹೇಳುವುದು: "ಏನು ಕೇಳಿದ್ರೂ ರೇಗ್ತಾನೆ ಮಿಸ್. ಬಾಗಿಲು ದಡಾರ್ ಅಂತ ಹಾಕ್ಕೊಂಡು ಒಳಗೆ ಹೋದ್ರೆ ಮುಗೀತು." ಹೆಣ್ಣುಮಕ್ಕಳ ತಾಯಂದಿರು ಹೇಳುವುದು: "ಸುಮ್ಸುಮ್ನೆ ಅಳ್ತಾಳೆ ಮಿಸ್. ಏನಾಯ್ತೇ ಅಂದ್ರೆ ಏನಿಲ್ಲ ಅಂತಾಳೆ." ದೂರು ಬೇರೆಬೇರೆಯಾದರೂ ಅದಕ್ಕೆ ಅವರೇ ಕೊಟ್ಟುಕೊಳ್ಳುವ ಕಾರಣ ಒಂದೇ. "ಗಂಡುಮಕ್ಳು ಅಂದ್ರೆ ಹಾಗೇ ಅಲ್ವಾ." "ಹೆಣ್ಣುಮಕ್ಳು ಅಂದ್ರೆ ಹಾಗೇ ಅಲ್ವಾ."

ನನಗೆ ಹಾಗೆ ಅನಿಸುವುದಿಲ್ಲ. ಎಂಟನೇ ಕ್ಲಾಸಿಗೆ ಬರುವ ಹೊತ್ತಿಗೆ ಎಷ್ಟೋ ಹುಡುಗರಿಗೆ ಮನೆಯಲ್ಲಿ ತೋರಿಸಬಹುದಾದ ಭಾವನೆ ಸಿಟ್ಟೊಂದೇ ಉಳಿದಿರುತ್ತದೆ. ಹುಡುಗಿಯರಿಗೆ ಅಳುವೊಂದೇ. ಬೇರೆ ಏನು ತೋರಿಸಿದರೂ ಹಿಂದೆ ಬೈಗುಳವೋ ಗೇಲಿಯೋ ಸಿಕ್ಕಿರುತ್ತದೆ. ಮಕ್ಕಳು ದಡ್ಡರಲ್ಲ, ಯಾವುದಕ್ಕೆ ಗೇಲಿ ಇಲ್ಲವೋ ಅದನ್ನೇ ಹಿಡಿದುಕೊಳ್ಳುತ್ತಾರೆ. ಹಾಗಾಗಿ ಮಗುವಿನ ಸ್ವಭಾವ ತಿದ್ದಲು ಹೊರಡುವ ಮೊದಲು ಮನೆ ಕೊಡುವ ಉತ್ತರವನ್ನು ತಿದ್ದಬೇಕು. ಅದಕ್ಕೆ ದುಡ್ಡು ಬೇಕಿಲ್ಲ, ಡಿಗ್ರಿಯೂ ಬೇಕಿಲ್ಲ. ಏನು ಮಾಡಬಹುದು ಅನ್ನುವುದನ್ನು ಒಂದೊಂದಾಗಿ ಬರೆಯುತ್ತೇನೆ.

ಶುರು ಮಾಡುವ ಮೊದಲು ಒಂದು ವಿಷಯ. ಭಾವನಾತ್ಮಕ ಜಾಣ್ಮೆ, ಅಂದರೆ ಇಮೋಷನಲ್ ಇಂಟೆಲಿಜೆನ್ಸ್, ಎಂದರೆ ಯಾವಾಗಲೂ ಶಾಂತವಾಗಿರುವುದು ಅಂತ ತುಂಬ ಜನ ತಿಳಿದಿದ್ದಾರೆ. ಪೀಟರ್ ಸಾಲೊವೆ, ಜಾನ್ ಮೇಯರ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 1990ರಲ್ಲಿ ಈ ವಿಚಾರವನ್ನು ಮುಂದಿಟ್ಟರು. ಆಮೇಲೆ ಅದರಲ್ಲಿ ನಾಲ್ಕು ಕೌಶಲಗಳನ್ನು ಗುರುತಿಸಿದರು. ಭಾವನೆಯನ್ನು ಗುರುತಿಸುವುದು, ಯೋಚನೆಗೆ ಅದನ್ನು ಬಳಸಿಕೊಳ್ಳುವುದು, ಅದು ಯಾಕೆ ಬಂತು ಎಂದು ತಿಳಿಯುವುದು, ಸಂಭಾಳಿಸುವುದು. ಕಬಡ್ಡಿ ಟೀಮಿಗೆ ಆಯ್ಕೆಯಾಗದ ಹುಡುಗನೊಬ್ಬ ಮನೆಗೆ ಬಂದು ತಂಗಿಯ ಮೇಲೆ ಕೈ ಎತ್ತುತ್ತಾನೆ ಅಂದುಕೊಳ್ಳಿ. ತನಗೆ ಆಗಿರುವುದು ಅವಮಾನ ಎಂದು ಅವನಿಗೆ ಗೊತ್ತಾಗಬೇಕು. ಅದು ಟೀಮಿನ ವಿಷಯಕ್ಕೆ ಬಂದದ್ದು, ತಂಗಿಯದೇನೂ ತಪ್ಪಿಲ್ಲ ಎಂದು ಹೊಳೆಯಬೇಕು. ಕೈ ಇಳಿಸಿ ಬೀದಿಯಲ್ಲಿ ಒಂದು ಸುತ್ತು ನಡೆದು ಬರಬೇಕು. ಮರುದಿನ ಅದೇ ಉರಿಯನ್ನು ಇಟ್ಟುಕೊಂಡು ಪಿಟಿ ಮೇಷ್ಟ್ರ ಹತ್ತಿರ "ಸಾರ್, ನಾನು ಎಲ್ಲಿ ವೀಕು ಹೇಳಿ" ಅಂತ ಕೇಳಬೇಕು. ಇಷ್ಟೇ ಜಾಣ್ಮೆ. ಇದರಲ್ಲಿ ಗಂಡು-ಹೆಣ್ಣು ಅಂತ ಏನೂ ಇಲ್ಲ, ಕಲಿಯುವಂಥದ್ದು.

1. ಒಂದು ವಾರ ದೊಡ್ಡವರ ಮಾತನ್ನು ಬರೆದಿಡಿ

ಹಳೆಯ ಡೈರಿ ಸಾಕು, ಇಲ್ಲದಿದ್ದರೆ ಮೊಬೈಲ್. ಮಗುವಿಗೆ ಸಿಟ್ಟು, ಅಳು, ಭಯ, ಖುಷಿ ಏನೇ ಬಂದಾಗಲೂ ಮನೆಯ ದೊಡ್ಡವರು ಆಡಿದ ಮೊದಲ ವಾಕ್ಯವನ್ನು ಬರೆಯಿರಿ. ಮಗು ಏನು ಅಂದಿತು ಅನ್ನುವುದು ಬೇಡ. ಯಾರು ಆಡಿದ್ದು ಅನ್ನುವುದನ್ನೂ ಬರೆಯಿರಿ: ಅಪ್ಪ, ಅಮ್ಮ, ಅಜ್ಜಿ, ಮನೆಗೆ ಬಂದಿದ್ದ ಚಿಕ್ಕಪ್ಪ. ವಾರ ಕಳೆದ ಮೇಲೆ ಮಗನಿಗೆ ಆಡಿದ್ದನ್ನು ಒಂದು ಕಡೆ, ಮಗಳಿಗೆ ಆಡಿದ್ದನ್ನು ಇನ್ನೊಂದು ಕಡೆ ಇಟ್ಟು ಓದಿ.

ಹೆಚ್ಚಿನ ಮನೆಗಳಲ್ಲಿ ಸಿಗುವ ವಾಕ್ಯಗಳು ಇವು. "ಏನೋ ಹೆಣ್ಣಿನ ಥರ ಅಳ್ತೀಯ?" "ಗಂಡಸಾಗಿ ಕತ್ತಲಿಗೆ ಹೆದರ್ತೀಯಲ್ಲೋ." "ಅಷ್ಟು ಜೋರಾಗಿ ನಗಬೇಡ." "ಬಾಯಿ ಜಾಸ್ತಿ ಆಯ್ತು ನಿಂದು, ನಾಳೆ ಹೋದ ಮನೇಲಿ ಏನು ಕಥೆ?" ಯಾರೂ ಮಕ್ಕಳ ಮೇಲಿನ ದ್ವೇಷದಿಂದ ಹೀಗೆ ಅನ್ನುವುದಿಲ್ಲ. ತಮಗೆ ಅಂದದ್ದನ್ನೇ ಮುಂದಕ್ಕೆ ದಾಟಿಸುತ್ತಾರೆ. ನಗುವ ಹೆಂಗಸನ್ನು ನಂಬಬಾರದು, ಅಳುವ ಗಂಡಸನ್ನು ನಂಬಬಾರದು ಅಂತ ನಮ್ಮಲ್ಲಿ ಗಾದೆಯೇ ಇದೆ. ಒಂದೇ ಉಸಿರಿನಲ್ಲಿ ಹೆಂಗಸಿನ ನಗುವಿಗೂ ಗಂಡಸಿನ ಅಳುವಿಗೂ ಬೇಲಿ ಹಾಕಿಟ್ಟಿದ್ದೇವೆ.

ಇದು ನಮ್ಮೂರಿನ ಕಾಯಿಲೆ ಮಾತ್ರ ಅಂತಲೂ ತಿಳಿಯಬೇಡಿ. ಅಮೆರಿಕದ ಅಟ್ಲಾಂಟಾ ನಗರದ ಎಮೊರಿ ವಿಶ್ವವಿದ್ಯಾಲಯದ ರಾಬಿನ್ ಫಿವುಶ್ 1980ರ ದಶಕದ ಕೊನೆಯಿಂದ ತಾಯಂದಿರು ಪುಟ್ಟ ಮಕ್ಕಳ ಜೊತೆ ಆಡುವ ಮಾತನ್ನು ರೆಕಾರ್ಡ್ ಮಾಡಿ ನೋಡಿದರು. ಸಿಟ್ಟಿನ ಬಗ್ಗೆ ಮಾತು ಗಂಡುಮಕ್ಕಳ ಜೊತೆ ಹೆಚ್ಚು, ದುಃಖದ ಬಗ್ಗೆ ಮಾತು ಹೆಣ್ಣುಮಕ್ಕಳ ಜೊತೆ ಹೆಚ್ಚು. ಇನ್ನೂ ಸರಿಯಾಗಿ ಮಾತು ಬಾರದ ವಯಸ್ಸಿಗೇ ಪಾಠ ಶುರುವಾಗಿರುತ್ತದೆ. 2005ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಅಪ್ಪಂದಿರು ಮಗಳ ದುಃಖ, ಆತಂಕಕ್ಕೆ ಹೆಚ್ಚು ಗಮನ ಕೊಟ್ಟರು, ಮಗನ ಸಿಟ್ಟಿಗೆ ಹೆಚ್ಚು ಗಮನ ಕೊಟ್ಟರು. ಗಮನ ಸಿಕ್ಕಿದ್ದು ಬೆಳೆಯುತ್ತದೆ. ಹಾಗಿದ್ದರೂ ಹಸುಗೂಸಿನಿಂದ ಹದಿಹರೆಯದವರೆಗಿನ ಮಕ್ಕಳ ಬಗ್ಗೆ ನಡೆದ 150ಕ್ಕೂ ಹೆಚ್ಚು ಅಧ್ಯಯನಗಳನ್ನು 2013ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ, ಭಾವನೆ ತೋರಿಸುವುದರಲ್ಲಿ ಹುಡುಗ-ಹುಡುಗಿಯರ ನಡುವಿನ ವ್ಯತ್ಯಾಸ ಸಣ್ಣದೇ ಎಂದು ಕಂಡುಬಂತು. ನಾವು ಅಂದುಕೊಂಡಷ್ಟು ದೊಡ್ಡ ಕಂದಕ ಅಲ್ಲಿಲ್ಲ.

ಪಟ್ಟಿ ಮಾಡಿದ ಮೇಲೆ ಅದನ್ನು ಹಿಡಿದುಕೊಂಡು ಅತ್ತೆಯವರ ಮೇಲೋ ಗಂಡನ ಮೇಲೋ ಜಗಳಕ್ಕೆ ಹೋಗಬೇಡಿ. ನಿಮ್ಮ ವಾಕ್ಯಗಳಲ್ಲೇ ಒಂದನ್ನು ಆರಿಸಿಕೊಳ್ಳಿ. ಈ ತಿಂಗಳು ಅದೊಂದನ್ನು ಆಡುವುದಿಲ್ಲ ಅಂತ ತೀರ್ಮಾನಿಸಿ. ಅಷ್ಟು ಸಾಕು.

2. ಕುಟುಂಬದ ಹಿನ್ನೆಲೆ: ನಿಮ್ಮ ಕೈಯಲ್ಲಿ ಇರುವುದು, ಇಲ್ಲದಿರುವುದು

"ನಾವು ಓದಿದವರಲ್ಲ ಮಿಸ್, ಇಂಥದ್ದೆಲ್ಲ ನಮಗೆಲ್ಲಿ ಗೊತ್ತಾಗಬೇಕು?" ಗಾರ್ಮೆಂಟ್ಸಿಗೆ ಹೋಗುವ ತಾಯಂದಿರು ಹೀಗೆ ಕೇಳಿದಾಗ ನನಗೆ ಸಂಕಟವಾಗುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಮೂರು ಡಬ್ಬಿ ಕಟ್ಟಿ, ಮಗಳ ಮುಖ ನೋಡಿಯೇ "ರಾತ್ರಿ ನಿದ್ದೆ ಮಾಡಿಲ್ಲ ಅಲ್ವಾ" ಅನ್ನುವ ತಾಯಿಗೆ ಭಾವನೆ ಗುರುತಿಸುವ ಪಾಠ ಹೇಳಬೇಕಾಗಿಲ್ಲ. ಆ ತಾಯಿಗೆ ಕಡಿಮೆ ಇರುವುದು ಸಮಯ.

ಬಡತನ ಏನೂ ಮಾಡುವುದಿಲ್ಲ ಅಂತ ನಾನು ಹೇಳುವುದಿಲ್ಲ. ಮಾಡುತ್ತದೆ. ಯಾವ ದಾರಿಯಲ್ಲಿ ಮಾಡುತ್ತದೆ ಅನ್ನುವುದನ್ನು ತಿಳಿದುಕೊಂಡರೆ ನಮಗೆ ಅನುಕೂಲ. ಸಮಾಜಶಾಸ್ತ್ರಜ್ಞ ಗ್ಲೆನ್ ಎಲ್ಡರ್ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ 1920-21ರಲ್ಲಿ ಹುಟ್ಟಿದ ಮಕ್ಕಳ ದಾಖಲೆಗಳನ್ನು ಕೂಲಂಕಷವಾಗಿ ನೋಡಿದರು. 1929ರ ಆರ್ಥಿಕ ಕುಸಿತದ ಮುಂದಿನ ವರ್ಷಗಳಲ್ಲಿ ಈ ಮಕ್ಕಳು ಹದಿಹರೆಯಕ್ಕೆ ಬಂದಿದ್ದರು. ಅಪ್ಪನ ಸಂಬಳ ಹೋದ ಮನೆಗಳಲ್ಲಿ ಮಕ್ಕಳಿಗೆ ಪೆಟ್ಟು ಕೊಟ್ಟದ್ದು ಖಾಲಿ ಜೇಬಿಗಿಂತ ಹೆಚ್ಚಾಗಿ ಅಪ್ಪನ ಸಿಡುಕು, ಅಪ್ಪ-ಅಮ್ಮನ ಜಗಳ, ಇವತ್ತೊಂದು ನಾಳೆಯೊಂದು ಎನ್ನುವಂಥ ಶಿಕ್ಷೆ. 1980ರ ದಶಕದಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ ಜಮೀನಿನ ಬೆಲೆ ಬಿದ್ದು ರೈತರು ಸಾಲದಲ್ಲಿ ಸಿಕ್ಕಿಕೊಂಡರು. ಆಗ ರ‍್ಯಾಂಡ್ ಕಾಂಗರ್ ಮತ್ತು ಎಲ್ಡರ್ ಅಲ್ಲಿನ ಹಳ್ಳಿ ಮನೆಗಳನ್ನು ಅಧ್ಯಯನ ಮಾಡಿದರು. ಅಲ್ಲೂ ಕಂಡದ್ದು ಇದೇ ಸರಪಳಿ. ಸಾಲದಿಂದ ದೊಡ್ಡವರ ಮನಸ್ಸು ಕುಗ್ಗುತ್ತದೆ, ಗಂಡ-ಹೆಂಡತಿ ಕಿತ್ತಾಡುತ್ತಾರೆ, ಮಕ್ಕಳ ಮೇಲೆ ಕೂಗಾಟ ಹೆಚ್ಚುತ್ತದೆ. ಕೊನೆಗೆ ಮಕ್ಕಳು ಮಂಕಾಗುತ್ತಾರೆ ಇಲ್ಲವೇ ಪುಂಡಾಟಕ್ಕೆ ಇಳಿಯುತ್ತಾರೆ.

ಬೋರ್‌ವೆಲ್ ಕೈಕೊಟ್ಟ ವರ್ಷ, ಈರುಳ್ಳಿಗೆ ಬೆಲೆ ಸಿಗದ ವರ್ಷ ನಮ್ಮ ಮನೆಗಳಲ್ಲಿ ಏನಾಗುತ್ತದೆ ಎಂದು ಬಲ್ಲವರಿಗೆ ಇದು ಹೊಸದೇನಲ್ಲ. ಓಕ್‌ಲ್ಯಾಂಡಿನಲ್ಲಿ ಕಷ್ಟ ಬಂದಾಗ ಹುಡುಗರು ಹೊರಗೆ ಸಣ್ಣಪುಟ್ಟ ಕೆಲಸಕ್ಕೆ ಹೋದರು, ಹುಡುಗಿಯರ ತಲೆಗೆ ಮನೆಗೆಲಸ ಬಿತ್ತು. ನಮ್ಮಲ್ಲೂ ಅದೇ ನಡೆಯುತ್ತದೆ. ಹಿರಿಮಗಳು ಅಮ್ಮನಿಗೆ ಅಮ್ಮನಾಗುತ್ತಾಳೆ. ಎಲ್ಲರೂ ಅವಳನ್ನು "ಎಷ್ಟು ತಿಳುವಳಿಕೆ ಹುಡುಗಿ" ಅಂತ ಹೊಗಳುತ್ತಾರೆ. ಅವಳಿಗೆ ಏನನಿಸುತ್ತಿದೆ ಎಂದು ಕೇಳುವವರು ಇರುವುದಿಲ್ಲ.

ಬೆಲೆ ಏರಿಸುವುದು ನಮ್ಮ ಕೈಯಲ್ಲಿಲ್ಲ. ಸರಪಳಿಯ ಮಧ್ಯದ ಕೊಂಡಿ ನಮ್ಮ ಕೈಯಲ್ಲಿದೆ. ಅದಕ್ಕೆ ಹೀಗೆ ಮಾಡಿ.

ದುಡ್ಡಿನ ತೊಂದರೆಯನ್ನು ಹದಿಹರೆಯದ ಮಕ್ಕಳಿಂದ ಪೂರ್ತಿ ಮುಚ್ಚಿಡಬೇಡಿ. ಗೋಡೆಯಾಚೆಯಿಂದ ಅವರಿಗೆ ಎಲ್ಲ ಕೇಳಿಸುತ್ತಿರುತ್ತದೆ. ಅರ್ಧ ಕೇಳಿಸಿಕೊಂಡ ಮಗು ಉಳಿದರ್ಧಕ್ಕೆ ತನ್ನನ್ನೇ ಬೈದುಕೊಳ್ಳುತ್ತದೆ. ಮೂರು ಮಾತು ಹೇಳಿ: ಏನಾಗಿದೆ, ಇದು ನಿನ್ನ ತಪ್ಪಲ್ಲ, ಇದನ್ನು ನೋಡಿಕೊಳ್ಳುವವರು ನಾವು. "ಈ ತಿಂಗಳು ಅಪ್ಪಂಗೆ ಸಂಬಳ ತಡ ಆಗಿದೆ. ಟ್ರಿಪ್ಪಿಗೆ ಕಳಿಸೋಕೆ ಆಗಲ್ಲ. ನಿನಗೆ ಬೇಜಾರಾಗುತ್ತೆ ಅಂತ ಗೊತ್ತು. ಸಾಲದ್ದು ನಾವು ನೋಡ್ಕೋತೀವಿ, ನೀನು ಅದನ್ನ ತಲೆಗೆ ಹಚ್ಕೋಬೇಡ." ಟ್ರಿಪ್ಪು ತಪ್ಪಿದ್ದಕ್ಕೆ ಅವನು ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ ಬಿಡಿ. ಅದಕ್ಕೆ ಅವನಿಗೆ ಹಕ್ಕಿದೆ.

ಗಂಡ-ಹೆಂಡತಿ ಮಾತು ಬಿಟ್ಟಾಗ ಮಕ್ಕಳ ಕೈಲಿ ಸುದ್ದಿ ಕಳಿಸಬೇಡಿ. "ನಿಮ್ಮಪ್ಪಂಗೆ ಹೇಳು ಊಟಕ್ಕೆ ಬರಬೇಕಂತೆ" ಅನ್ನುವುದು ನಮಗೆ ಸಣ್ಣ ಮಾತು. ಇಬ್ಬರ ಮುಖವನ್ನೂ ಓದಿಕೊಂಡು ಓಡಾಡುವ ಹದಿಮೂರರ ಹುಡುಗಿಗೆ ಅದು ಭಾರ. ಜಗಳ ಮಕ್ಕಳ ಎದುರು ಆಗಿದ್ದರೆ ರಾಜಿಯೂ ಅವರಿಗೆ ಕಾಣುವಂತೆ ಆಗಲಿ.

ಇನ್ನು ಓದಿದ, ಅನುಕೂಲಸ್ಥ ಮನೆಗಳ ವಿಷಯ. ಪೋಷಕರ ಓದು, ಆದಾಯಕ್ಕೂ ಮಕ್ಕಳ ಭಾವನಾತ್ಮಕ ಜಾಣ್ಮೆಗೂ ಸಂಬಂಧ ಇದೆಯೆಂದು ಹೇಳುವ ಅಧ್ಯಯನಗಳು ಇವೆ. ಆದರೆ ದೊಡ್ಡ ಮನೆ ತಾನಾಗೇ ಮಗುವಿಗೆ ಏನನ್ನೂ ಕಲಿಸುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಟ್ಯೂಷನ್, ಕರಾಟೆ, ಕೋಡಿಂಗ್ ಕ್ಲಾಸು ಎಲ್ಲ ಮುಗಿಸಿ ರಾತ್ರಿ ಒಂಬತ್ತಕ್ಕೆ ಮನೆಗೆ ಬಂದ ಮಗು "ನನಗೆ ಆಗ್ತಿಲ್ಲ" ಅಂದರೆ "ಏನು ಕಮ್ಮಿ ಮಾಡಿದ್ದೀವಿ ನಿನಗೆ?" ಅನ್ನುವ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಮಗುವಿನ ಹತ್ತಿರ ಉತ್ತರವಿಲ್ಲ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದರ ಬದಲು "ಯಾವುದು ಆಗ್ತಿಲ್ಲ ಹೇಳು" ಅಂತ ಕೇಳಿ ನೋಡಿ.

ಅಪ್ಪ ಕುಡಿಯುವ ಮನೆ, ಅಪ್ಪ ಬಿಟ್ಟುಹೋದ ಮನೆ, ಅಮ್ಮ ಇಲ್ಲದ ಮನೆ. ಇಂಥ ಮನೆಯ ಮಕ್ಕಳ ಬಗ್ಗೆ "ಅವನ ಹಣೆಬರಹ ಇಷ್ಟೇ" ಅಂತ ಸ್ಟಾಫ್‌ರೂಮಿನಲ್ಲಿ ಯಾರಾದರೂ ಅಂದರೆ ನನಗೆ ಸಹಿಸಲಾಗುವುದಿಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಜೊತೆಗಾರರು ದಶಕಗಳ ಕಾಲ ಹಿಂಬಾಲಿಸಿ ನೋಡಿದರು. ಬಡತನ, ಕುಡಿತ, ಜಗಳ ಎಲ್ಲ ಇದ್ದ ಮನೆಗಳ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಚೆನ್ನಾಗಿಯೇ ಬೆಳೆದು ನಿಂತರು. ಅವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡ ಒಂದು ಸಂಗತಿಯೆಂದರೆ, ಅಪ್ಪ-ಅಮ್ಮ ಅಲ್ಲದಿದ್ದರೂ ನಂಬಬಹುದಾದ ಒಬ್ಬ ದೊಡ್ಡವರು ಜೊತೆಗಿದ್ದರು. ನಮ್ಮಲ್ಲಿ ಅಂಥವರಿಗೆ ಕೊರತೆ ಇಲ್ಲ. ಸೋದರಮಾವ, ದೊಡ್ಡಮ್ಮ, ಅಜ್ಜಿ, ಪಕ್ಕದ ಮನೆಯ ಆಂಟಿ, ಹಾಸ್ಟೆಲ್ ವಾರ್ಡನ್. ನಿಮ್ಮ ಮನೆಯಲ್ಲಿ ಇಂಥ ತೊಂದರೆ ಇದ್ದರೆ ಆ ಒಬ್ಬರು ಯಾರು ಅಂತ ಮಗುವಿನ ಜೊತೆ ಕೂತು ನಿಗದಿ ಮಾಡಿ. ಅವರಿಗೂ ಹೇಳಿಡಿ. ರಾತ್ರಿ ಗಲಾಟೆ ಆದರೆ ಯಾರ ಮನೆಗೆ ಹೋಗಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಮಗುವಿಗೆ ಬಾಯಿಪಾಠ ಇರಲಿ.

ಹಾಸ್ಟೆಲಿನಲ್ಲಿ, ವಸತಿ ಶಾಲೆಯಲ್ಲಿ ಮಗು ಇದ್ದರೆ ಭಾನುವಾರದ ಫೋನು "ಊಟ ಆಯ್ತಾ, ಓದ್ತಿದ್ದೀಯಾ, ದುಡ್ಡು ಇದೆಯಾ" ಅನ್ನುವಲ್ಲಿಗೆ ಮುಗಿಯದಿರಲಿ. "ಯಾರ ಜೊತೆ ಕೂತು ಊಟ ಮಾಡ್ತೀಯ?" ಅಂತ ಕೇಳಿ. ಒಂಟಿಯಾಗಿರುವ ಮಗು ಈ ಪ್ರಶ್ನೆಗೆ ತಡವರಿಸುತ್ತದೆ, ನಿಮಗೆ ಗೊತ್ತಾಗುತ್ತದೆ.

3. "ಬೇಜಾರು" ಅಂದರೆ ಅಲ್ಲಿಗೇ ಬಿಡಬೇಡಿ

ನಮ್ಮ ಮಕ್ಕಳಿಗೆ ಎಲ್ಲವೂ ಬೇಜಾರೇ. ಗೆಳತಿ ಬರ್ತ್‌ಡೇಗೆ ಕರೆಯದಿದ್ದರೂ ಬೇಜಾರು, ಪರೀಕ್ಷೆ ಹತ್ತಿರ ಬಂದರೂ ಬೇಜಾರು, ಮಧ್ಯಾಹ್ನ ಕರೆಂಟ್ ಹೋದರೂ ಬೇಜಾರು. ಮೊದಲನೆಯದು ನೋವು, ಎರಡನೆಯದು ಭಯ, ಮೂರನೆಯದು ಸುಮ್ನೆ ಹೊತ್ತು ಹೋಗದಿರುವುದು. ಮೂರಕ್ಕೂ ಮದ್ದು ಬೇರೆ. ಕ್ಯಾಲಿಫೋರ್ನಿಯಾದ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಮೆದುಳಿನ ಸ್ಕ್ಯಾನ್ ಮಾಡಿ ತೋರಿಸಿದಂತೆ, ಕಣ್ಣೆದುರಿನ ಭಾವನೆಗೆ ಹೆಸರು ಕೊಟ್ಟಾಗ ಮೆದುಳಿನಲ್ಲಿ ಗಾಬರಿ ಎಬ್ಬಿಸುವ ಅಮಿಗ್ಡಲ ಎಂಬ ಭಾಗದ ಚಟುವಟಿಕೆ ತಗ್ಗುತ್ತದೆ.

ಹಾಗಂತ ಮಗುವನ್ನು ಎದುರು ಕೂರಿಸಿಕೊಂಡು "ನಿನ್ನ ಭಾವನೆ ಏನು ಹೇಳು" ಅಂದರೆ ಅದು ಓಡಿಹೋಗುತ್ತದೆ. ಮೊದಲು ನಿಮ್ಮದನ್ನು ಹೇಳಿ. "ಇವತ್ತು ಬಸ್ಸಲ್ಲಿ ಚಿಲ್ಲರೆಗೆ ಎಲ್ಲರೆದುರು ಬೈಸಿಕೊಂಡೆ. ಸಿಟ್ಟಿಗಿಂತ ಅವಮಾನ ಜಾಸ್ತಿ ಆಯ್ತು." ಅಷ್ಟು ಹೇಳಿ ಸುಮ್ಮನಾಗಿ. ನೀತಿ ಹೇಳಬೇಡಿ. ಎರಡು ಮೂರು ವಾರ ಹೀಗೆ ಆಡಿದರೆ ಮಕ್ಕಳ ಬಾಯಲ್ಲೂ ಆ ಮಾತುಗಳು ಬರತೊಡಗುತ್ತವೆ.

ಹುಡುಗರ ಜೊತೆ ಮುಖಾಮುಖಿ ಮಾತು ಕಷ್ಟ. ಪಕ್ಕದಲ್ಲಿದ್ದು ಮಾಡುವ ಕೆಲಸ ಹುಡುಕಿ. ಬೈಕಿನ ಹಿಂದೆ ಕೂತಾಗ, ಹಸುವಿಗೆ ಹುಲ್ಲು ತರುವಾಗ. ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳಿನ ಪಾತ್ರೆಯನ್ನು ಮಧ್ಯೆ ಇಟ್ಟುಕೊಂಡು ಹಿತುಕುತ್ತಾ ಕೂತರೆ ಕೈಗೆ ಕೆಲಸ ಇರುತ್ತದೆ, ಕಣ್ಣು ಪಾತ್ರೆಯಲ್ಲಿರುತ್ತದೆ. ಅರ್ಧ ಸೇರು ಮುಗಿಯುವ ಹೊತ್ತಿಗೆ "ಅಮ್ಮ, ಇವತ್ತು ಕ್ಲಾಸಲ್ಲಿ…" ಅಂತ ಶುರುವಾಗುತ್ತದೆ. ಆಗ ನೀವು ಕೈ ನಿಲ್ಲಿಸಿ ಮುಖ ನೋಡಿದರೆ ಮಾತು ನಿಂತುಹೋಗುತ್ತದೆ. ಹಿತುಕುತ್ತಲೇ ಕೇಳಿ.

4. ರೇಗಿದ ಹೊತ್ತಿನಲ್ಲಿ

ಯೋಚಿಸಿ ತಡೆದುಕೊಳ್ಳುವ ಕೆಲಸ ಮಾಡುವ ಮೆದುಳಿನ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸು ಆಗಬೇಕು. ಅದಕ್ಕೆ ಹದಿನಾಲ್ಕರ ಮಗು ರೇಗಿದಾಗ ದೊಡ್ಡವರ ತಲೆ ಎರಡರ ಕೆಲಸ ಮಾಡಬೇಕಾಗುತ್ತದೆ.

ಹುಡುಗ ಸ್ಕೂಲಿಂದ ಬಂದು ಬ್ಯಾಗ್ ಎಸೆಯುತ್ತಾನೆ. ಗಣಿತದ ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ಹನ್ನೊಂದು. ಹೆಚ್ಚಿನ ಮನೆಗಳಲ್ಲಿ ಮುಂದೆ ನಡೆಯುವುದು ಇದು. "ಬ್ಯಾಗು ಎತ್ತಿಡೋ. ಮೊಬೈಲ್ ನೋಡ್ತಾ ಕೂತ್ರೆ ಇನ್ನೇನು ಬರುತ್ತೆ? ನಿನ್ನ ಅಕ್ಕನ್ನ ನೋಡು." "ಹೋಗಮ್ಮ, ನಿಂಗೇನೂ ಗೊತ್ತಾಗಲ್ಲ." ದಡಾರ್.

ಹೀಗೂ ನಡೆಯಬಹುದು.

"ಬ್ಯಾಗ್ ಎಸೆದೆ ಅಂದ್ರೆ ಏನೋ ಆಗಿದೆ."
"ಏನಿಲ್ಲ."
"ಸರಿ. ಕಾಫಿ ಇಟ್ಟಿದ್ದೀನಿ."
ಸ್ವಲ್ಪ ಹೊತ್ತು ಬಿಟ್ಟು, "ಹನ್ನೊಂದು ಬಂದಿದೆ. ಎಲ್ರ ಮುಂದೆ ಓದಿದ್ರು ಮಾರ್ಕ್ಸನ್ನ."
"ಎಲ್ರ ಮುಂದೇನಾ? ಮುಖ ಎತ್ತೋಕೆ ಆಗದೇ ಇರೋ ಹಾಗೆ ಆಗಿರುತ್ತೆ."
"ಹ್ಞೂಂ."
"ಬ್ಯಾಗ್ ಎಸೆಯೋದು ಮಾತ್ರ ಬೇಡಪ್ಪ, ಒಳಗೆ ಕಂಪಾಸ್ ಬಾಕ್ಸ್ ಇದೆ. ಎತ್ತಿಡು. ಯಾವ ಲೆಕ್ಕ ತಪ್ಪಾಗಿದೆ ಅಂತ ಊಟ ಆದ್ಮೇಲೆ ಅಕ್ಕನ ಜೊತೆ ನೋಡು."

ಇಲ್ಲಿ ಅಮ್ಮ ಮಾರ್ಕ್ಸನ್ನು ಮನ್ನಿಸಲಿಲ್ಲ, ಬ್ಯಾಗ್ ಎಸೆದದ್ದನ್ನೂ ಮನ್ನಿಸಲಿಲ್ಲ. ಸಿಟ್ಟು ಬಂದದ್ದಕ್ಕೆ ಬೈಯಲಿಲ್ಲ ಅಷ್ಟೇ. ಸಿಯಾಟಲ್ ನಗರದಲ್ಲಿ ಕುಟುಂಬಗಳನ್ನು ವರ್ಷಗಟ್ಟಲೆ ಗಮನಿಸಿದ ಜಾನ್ ಗಾಟ್‌ಮನ್ ಹೇಳುವುದೂ ಇದನ್ನೇ: ಭಾವನೆಯನ್ನು ಗಮನಿಸಿ, ಕೇಳಿಸಿಕೊಳ್ಳಿ, ಹೆಸರು ಹುಡುಕಲು ನೆರವಾಗಿ, ನಡತೆಗೆ ಮಿತಿ ಹಾಕಿ, ಮುಂದೇನು ಅಂತ ಜೊತೆಗೆ ಯೋಚಿಸಿ. ಇದರಲ್ಲಿ ಹೆಚ್ಚು ಜನ ಎಡವುವುದು ಎರಡನೆಯದರಲ್ಲಿ. ಕೇಳಿಸಿಕೊಳ್ಳುವ ಮೊದಲೇ ಪರಿಹಾರ ಹೇಳಿಬಿಡುತ್ತಾರೆ.

ಕೂಗಾಟ ತಾರಕಕ್ಕೆ ಹೋಗಿದ್ದರೆ ಯಾವ ತಂತ್ರವೂ ಕೆಲಸ ಮಾಡುವುದಿಲ್ಲ. "ಅರ್ಧ ಗಂಟೆ ಬಿಟ್ಟು ಮಾತಾಡೋಣ" ಅಂತ ಹೇಳಿ ಎದ್ದುಹೋಗಿ. ಅರ್ಧ ಗಂಟೆ ಆದ ಮೇಲೆ ಖಂಡಿತ ಬನ್ನಿ. ನಿದ್ದೆಯನ್ನೂ ಮರೆಯಬೇಡಿ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಐದು ಗಂಟೆ ಮಲಗುವ ಮಗುವಿನಿಂದ ತಾಳ್ಮೆ ಬಯಸುವುದು ಅನ್ಯಾಯ.

5. ಮಗಳ ಸಿಟ್ಟಿಗೂ ಜಾಗ ಕೊಡಿ

ಮುಖಭಾವ ಓದುವುದು, ಭಾವನೆಯ ಪ್ರಶ್ನೆಗೆ ಸರಿ ಉತ್ತರ ಹುಡುಕುವುದು ಮುಂತಾದ ಪರೀಕ್ಷೆಗಳಲ್ಲಿ ಹೆಣ್ಣುಮಕ್ಕಳ ಸರಾಸರಿ ಸ್ವಲ್ಪ ಮುಂದಿರುತ್ತದೆ. ಇದನ್ನು ಕೇಳಿ ಹೆಣ್ಣುಮಕ್ಕಳ ಅಪ್ಪ-ಅಮ್ಮ ನಿರಾಳರಾಗಿಬಿಡುತ್ತಾರೆ. ನಾನು ಹೇಳುವುದು, ಇಲ್ಲೇ ಎಚ್ಚರ ಬೇಕು. ಬೇರೆಯವರ ಮನಸ್ಸು ಓದಿ ಹೊಂದಿಕೊಂಡು ಹೋಗುವುದನ್ನು ನಾವು ಹುಡುಗಿಯರಿಗೆ ಚೆನ್ನಾಗಿಯೇ ಕಲಿಸಿದ್ದೇವೆ. ತನ್ನ ಮನಸ್ಸನ್ನು ಓದಿಕೊಂಡು "ಇದು ನನಗೆ ಇಷ್ಟ ಇಲ್ಲ" ಅನ್ನುವುದನ್ನು ಕಲಿಸಿಲ್ಲ. ಅದಿಲ್ಲದಿದ್ದರೆ ಜಾಣ್ಮೆ ಅರ್ಧವೇ. ಆ ಅರ್ಧವನ್ನಷ್ಟೇ ಕಲಿತ ಹುಡುಗಿಯೇ ಬಸ್ಸಿನಲ್ಲಿ ಯಾರಾದರೂ ಮೈಗೆ ಒರಗಿದರೂ ದನಿ ಎತ್ತಲಾರದೆ ನಿಂತಿರುತ್ತಾಳೆ.

ದನಿ ಎತ್ತುವ ಅಭ್ಯಾಸ ಮನೆಯಲ್ಲೇ ಆಗಬೇಕು. "ಅಣ್ಣನ ತಟ್ಟೆ ನಾನ್ಯಾಕೆ ತೊಳೀಬೇಕು?" ಅಂತ ಅವಳು ಕೇಳಿದ ದಿನ "ಎದುರುತ್ತರ ಕೊಡಬೇಡ" ಅನ್ನಬೇಡಿ. ಅದು ನ್ಯಾಯವಾದ ಸಿಟ್ಟು. ಉತ್ತರವಾಗಿ ಅಣ್ಣನಿಗೆ ಅವನ ತಟ್ಟೆ ಕೊಡಿ. ಅವಳ ಭಾಷೆ ಒರಟಾಗಿದ್ದರೆ ಭಾಷೆಯನ್ನು ತಿದ್ದಿ, ವಿಷಯವನ್ನು ಒಪ್ಪಿಕೊಳ್ಳಿ. ಇನ್ನೊಂದು ಮಾತು. ಅವಳು ಸಿಟ್ಟಾದಾಗಲೆಲ್ಲ "ಡೇಟ್ ಹತ್ತಿರ ಬಂತೇನೋ" ಅಂತ ತಳ್ಳಿಹಾಕಬೇಡಿ. ಮುಟ್ಟಿನ ಮುಂಚಿನ ದಿನಗಳಲ್ಲಿ ಕಿರಿಕಿರಿ ಹೆಚ್ಚಾಗುವುದು ನಿಜ. ಆ ದಿನಗಳಲ್ಲೂ ಅವಳು ಹೇಳುವ ಕಾರಣ ನಿಜವೇ ಆಗಿರಬಹುದು.

6. ಮಗನಿಗೆ ಅಳು, ಆರೈಕೆ ಎರಡೂ ಕಲಿಸಿ

2022ರಲ್ಲಿ ಭಾರತದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೇಳುತ್ತದೆ. ಅವರಲ್ಲಿ ನೂರಕ್ಕೆ ಸುಮಾರು 72 ಮಂದಿ ಗಂಡಸರು. ಇದಕ್ಕೆ ಸಾಲ, ಕುಡಿತ, ಕಾಯಿಲೆ ಹೀಗೆ ಕಾರಣ ಹಲವು. ಕಷ್ಟ ಬಂದಾಗ ಬಾಯಿಬಿಟ್ಟು ಹೇಳಲು ಬಾರದಿರುವುದೂ ಅವುಗಳಲ್ಲಿ ಒಂದು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. "ಗಂಡಸು ಅಳಬಾರದು" ಅನ್ನುವ ಮಾತನ್ನು ಇವತ್ತೇ ಮನೆಯಿಂದ ಹೊರಗೆ ಹಾಕಿ.

ಮಗ ಅತ್ತಾಗ ಏನೂ ಹೇಳಬೇಕಾಗಿಲ್ಲ. ಪಕ್ಕದಲ್ಲಿ ಕೂತರೆ ಸಾಕು, ಒಂದು ಲೋಟ ನೀರು ಕೊಟ್ಟರೆ ಸಾಕು. ಜೊತೆಗೆ ಅವನಿಗೆ ಯಾರನ್ನಾದರೂ ನೋಡಿಕೊಳ್ಳುವ ಕೆಲಸ ಕೊಡಿ. ಅಜ್ಜಿಯ ಬಿಪಿ ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡುವುದು, ಜ್ವರ ಬಂದ ತಮ್ಮನಿಗೆ ಗಂಜಿ ಕಾಯಿಸುವುದು. ಅಂಗಡಿಗೆ ಓಡುವ ಕೆಲಸಕ್ಕೂ ಇದಕ್ಕೂ ವ್ಯತ್ಯಾಸವಿದೆ. ಇನ್ನೊಬ್ಬರಿಗೆ ಏನು ಬೇಕು ಅಂತ ಗಮನಿಸದೆ ಇದನ್ನು ಮಾಡಲು ಆಗುವುದಿಲ್ಲ.

ಈ ಹೆಜ್ಜೆಯಲ್ಲಿ ಅಪ್ಪನದೇ ದೊಡ್ಡ ಪಾತ್ರ. ಅಪ್ಪ ತಾನೇ ಮುಂದಾಗಿ "ನಿನ್ನೆ ಆಫೀಸಿನ ಸಿಟ್ಟನ್ನ ನಿನ್ನ ಮೇಲೆ ತೀರಿಸಿಕೊಂಡೆ ಕಣೋ, ತಪ್ಪಾಯ್ತು" ಅಂದರೆ ಹತ್ತು ಉಪದೇಶ ಮಾಡದ ಕೆಲಸ ಆಗುತ್ತದೆ. ಮಗ ಏನೂ ಅನ್ನದೆ ಎದ್ದುಹೋಗಬಹುದು. ಕೇಳಿಸಿಕೊಂಡಿರುತ್ತಾನೆ.

7. ಇಂಟರ್‌ನೆಟ್ಟಿನ ಇಕ್ಯೂ ಟೆಸ್ಟ್ ನಂಬಬೇಡಿ

ಇಕ್ಯೂ ಅಂದರೆ ಭಾವನಾತ್ಮಕ ಜಾಣ್ಮೆಗೆ ಕೊಡುವ ಅಂಕ. ಈ ಟೆಸ್ಟುಗಳಲ್ಲಿ ಹೆಚ್ಚಿನವು "ನಾನು ಬೇರೆಯವರ ನೋವನ್ನು ಅರ್ಥ ಮಾಡಿಕೊಳ್ಳುತ್ತೇನೆ, ಹೌದು ಅಥವಾ ಇಲ್ಲ" ಎಂಬಂಥ ಪ್ರಶ್ನೆಗಳು. ಇದರಲ್ಲಿ ಅಳೆಯುವುದು ಮಗು ತನ್ನ ಬಗ್ಗೆ ಏನು ಅಂದುಕೊಂಡಿದೆ ಅನ್ನುವುದನ್ನು. ನಿಮ್ಮ ಭಾವನಾತ್ಮಕ ಜಾಣ್ಮೆ ಎಷ್ಟಿದೆ ಅಂತ ಅಂದಾಜು ಮಾಡಿ ಎಂದಾಗ ಗಂಡಸರು ತಮಗೆ ಹೆಚ್ಚು ಅಂಕ ಕೊಟ್ಟುಕೊಳ್ಳುತ್ತಾರೆ, ಹೆಂಗಸರು ಕಡಿಮೆ ಕೊಟ್ಟುಕೊಳ್ಳುತ್ತಾರೆ ಎಂದು 2000ದಲ್ಲಿ ಪೆಟ್ರಿಡೀಸ್ ಮತ್ತು ಫರ್ನಮ್ ನಡೆಸಿದ ಅಧ್ಯಯನ ತೋರಿಸಿತು. ಮಗುವಿಗೆ ಅಂಕದ ಹಣೆಪಟ್ಟಿ ಹಚ್ಚುವ ಬದಲು, ಜಗಳ ಆದ ಮೇಲೆ ರಾಜಿಯಾಗಲು ಮೊದಲಿಗಿಂತ ಕಡಿಮೆ ದಿನ ಹಿಡಿಯುತ್ತಿದೆಯೇ ಅಂತ ಗಮನಿಸಿ.

8. ಮನೆಯ ಕೈಮೀರಿದಾಗ

ಎರಡು ವಾರಕ್ಕಿಂತ ಹೆಚ್ಚು ದಿನ ಮಂಕಾಗಿರುವುದು, ಊಟ-ನಿದ್ದೆ ಕೆಡುವುದು, ಇಷ್ಟದ ಆಟವನ್ನೂ ಬಿಡುವುದು, ಕೈ ಕೊಯ್ದುಕೊಳ್ಳುವುದು, "ನಾನು ಇರಲೇಬಾರದಿತ್ತು" ಅನ್ನುವುದು. ಇದು ಹದಿಹರೆಯದ ಸಿಡುಕು ಅಂತ ಸುಮ್ಮನಿರುವ ಹೊತ್ತಲ್ಲ. ಹುಡುಗಿಯ ಹಾಗೆ ನಡೆಯುತ್ತಾನೆ, ಗಂಡಿನ ಹಾಗೆ ಇದ್ದಾಳೆ ಅಂತ ಕ್ಲಾಸಿನಲ್ಲಿ ಗೇಲಿಗೆ ಗುರಿಯಾಗುವ ಮಕ್ಕಳ ಮೇಲೆ ಶಿಕ್ಷಕರು, ಪೋಷಕರು ಇಬ್ಬರೂ ಹೆಚ್ಚು ಕಣ್ಣಿಟ್ಟಿರಬೇಕು. ಆ ಮಕ್ಕಳ ಭಾರ ದೊಡ್ಡದು, ಹೇಳಿಕೊಳ್ಳಲು ಜಾಗ ಚಿಕ್ಕದು.

ಸಾಯುವ ಮಾತು ಬಂದರೆ ನೇರವಾಗಿ ಕೇಳಿ: "ಸಾಯಬೇಕು ಅಂತ ಅನಿಸ್ತಾ ಇದೆಯಾ?" ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ ಮಗುವನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಮಾತ್ರೆ, ಹೊಲದ ಔಷಧಿಯನ್ನು ಬೀಗದೊಳಗಿಡಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

14416ಕ್ಕೆ ಫೋನ್ ಮಾಡಬಹುದು. ಇದು ಟೆಲಿ ಮಾನಸ್, 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಇಡೀ ದಿನ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲೇ ಹೊಡೆತ, ಕಿರುಕುಳ ಇದ್ದರೆ ಮಗುವೇ 1098ಕ್ಕೆ ಕರೆ ಮಾಡಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ಸ್ನೇಹ ಕ್ಲಿನಿಕ್ ಇವೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯ ಹತ್ತಿರವೋ ಮೊದಲೇ ಕೇಳಿಕೊಳ್ಳಿ.

ಡಾಕ್ಟರ ಹತ್ತಿರ ಹೋಗುವಾಗ "ಹೊಟ್ಟೆನೋವಿಗೆ ತೋರಿಸೋಕೆ" ಅಂತ ಸುಳ್ಳು ಹೇಳಿ ಕರೆದೊಯ್ಯಬೇಡಿ, ಆಮೇಲೆ ಮಗು ಯಾರನ್ನೂ ನಂಬುವುದಿಲ್ಲ. "ನಿನಗೆ ತುಂಬ ದಿನದಿಂದ ಕಷ್ಟ ಆಗ್ತಿದೆ, ಅದಕ್ಕೆ ಗೊತ್ತಿರೋರನ್ನ ಕೇಳೋಣ, ನಾನೂ ಜೊತೆಗೆ ಬರ್ತೀನಿ" ಅಂತ ಇದ್ದದ್ದನ್ನೇ ಹೇಳಿ. ಡಾಕ್ಟರು ಮಗುವಿನ ಜೊತೆ ಒಬ್ಬರೇ ಮಾತಾಡಬೇಕು ಅಂದರೆ ಹೊರಗೆ ಬೆಂಚಿನ ಮೇಲೆ ಕೂತಿರಿ. ಬಂದ ಮೇಲೆ "ಏನು ಕೇಳಿದ್ರು, ನೀನೇನು ಹೇಳಿದೆ" ಅಂತ ಕೆದಕಬೇಡಿ. ತಾನಾಗೇ ಹೇಳಿದರೆ ಕೇಳಿಸಿಕೊಳ್ಳಿ. ಮುಂದಿನ ಭೇಟಿ ಯಾವತ್ತು ಅಂತ ಚೀಟಿಯಲ್ಲಿ ನೋಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ, ಆ ದಿನ ಮದುವೆ-ಮುಂಜಿ ಏನೇ ಇದ್ದರೂ ಭೇಟಿ ತಪ್ಪಿಸಬೇಡಿ.